ವಿಂಡೋಸ್ 10 ನಿಂತ ಮೇಲೆ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಲೇಬೇಕಾ?

ಬೇಡ, ದಯವಿಟ್ಟು ಹಾಕಬೇಡಿ. 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ಮಾತ್ರ. ಯಂತ್ರ ಚೆನ್ನಾಗೇ ಇರುತ್ತದೆ. ವಿಂಡೋಸ್ 11 ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಹೊಸ ಪ್ರೊಸೆಸರ್ ಕೇಳುವುದರಿಂದ ಹಳೆಯದಕ್ಕೆ ಹತ್ತುವುದಿಲ್ಲ, ಅಷ್ಟೇ.

ವಿಜಯಪುರದ ನಮ್ಮ ಮನೆಯ ಲ್ಯಾಪ್‌ಟಾಪ್ ಕಥೆಯೂ ಇದೇ. ಹಿಂದಿನ ಮುಚ್ಚಳ ಬಿಚ್ಚಿದರೆ ಫ್ಯಾನಿನ ಪಕ್ಕ ಕಂಬಳಿ ಹಾಗೆ ಧೂಳು ಕೂತಿತ್ತು. ನಮ್ಮ ಬೇಸಿಗೆ ಗಾಳಿ ಗೊತ್ತಲ್ವಾ! ಬ್ರಷ್‌ನಿಂದ ಕೆರೆದು ತೆಗೆದೆವು. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗವಾಗಿ ಕೆಲಸ ಮಾಡುವ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡಿದೆವು. ಮಗಳು ಈಗ ಅದರಲ್ಲೇ ಓದುತ್ತಾಳೆ. ನೀವೂ ಹೀಗೆ ಮಾಡುವುದಾದರೆ ಮೊದಲು ಫೈಲ್‌ಗಳ ಬ್ಯಾಕಪ್ ತಗೊಳ್ಳಿ.

ಲ್ಯಾಪ್‌ಟಾಪಿನ ಇಂಗಾಲದ ಹೊರೆ ಜಾಸ್ತಿ ಆಗೋದು ತಯಾರಿಸುವಾಗಲೇ, ಹಾಗಾಗಿ ಹಳೆಯದನ್ನೇ ಬಳಸಿದಷ್ಟೂ ಪರಿಸರಕ್ಕೆ ಒಳ್ಳೆಯದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಸಬೇಡಿ, ಗುಜರಿಗೂ ಕೊಡಬೇಡಿ. ಚುಚ್ಚಿದರೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ.