ಗ್ರೇಟ್ ಬ್ರಿಟಿಷ್ ಎನರ್ಜಿಯಿಂದ ಕರೆಂಟ್ ಬಿಲ್ ಇಳಿಯುತ್ತಾ?

ಬ್ರಿಟನ್ನಿನ ಲೇಬರ್ ಪಕ್ಷದ ಸರ್ಕಾರದ ಹೊಸ ಕಂಪನಿಯಾದ ಗ್ರೇಟ್ ಬ್ರಿಟಿಷ್ ಎನರ್ಜಿಯಿಂದ ಮನೆಗೆ ಕರೆಂಟ್ ತೆಗೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಅದು ಮನೆಗಳಿಗೆ ಕರೆಂಟ್ ಮಾರುವುದಿಲ್ಲ. ಗಾಳಿ, ಸೌರ ವಿದ್ಯುತ್‌ನಂಥ ಯೋಜನೆಗಳಲ್ಲಿ ಸರ್ಕಾರದ ದುಡ್ಡು ಹಾಕುತ್ತದೆ. ಹೆಸರು ಕೇಳಿದರೆ ಯಾರಿಗಾದರೂ ಗೊಂದಲ ಆಗುತ್ತದೆ ಬಿಡಿ! ಈ ಕಂಪನಿಗಾಗಿ ಕಾನೂನು ಆಗಿದ್ದು 2025ರ ಮೇ ತಿಂಗಳಲ್ಲಿ, ಮುಖ್ಯ ಕಚೇರಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ.

ಬಿಲ್ ಏರಿದ್ದಕ್ಕೆ ದೊಡ್ಡ ಕಾರಣ ಗ್ಯಾಸ್. ಬ್ರಿಟನ್ನಿನ ಸಗಟು ಮಾರುಕಟ್ಟೆಯಲ್ಲಿ ಬೇಡಿಕೆ ಪೂರೈಸಲು ಕೊನೆಯದಾಗಿ ಬೇಕಾಗುವ ವಿದ್ಯುತ್ ಸ್ಥಾವರದ ದರವೇ ಎಲ್ಲ ಸ್ಥಾವರಗಳಿಗೂ ಸಿಗುವ ದರ. ಅದು ಹೆಚ್ಚಾಗಿ ಗ್ಯಾಸ್ ಸ್ಥಾವರ. ಹಾಗಾಗಿ ಗಾಳಿ ಬೀಸಿದ ಮಾತ್ರಕ್ಕೆ ಬಿಲ್ ಅಗ್ಗ ಆಗಿಬಿಡುವುದಿಲ್ಲ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿದಾಗ ಗ್ಯಾಸ್ ದರ ಏರಿ, ಕರೆಂಟ್ ದರವೂ ಏರಿದ್ದನ್ನು ಅನುಭವಿಸಿದ್ದೇವೆ ಅಲ್ವಾ? ಗ್ಯಾಸ್ ಮೇಲಿನ ಅವಲಂಬನೆ ತಗ್ಗಿದರೆ ಅಂಥ ಹೊಡೆತ ತಗ್ಗಬಹುದು. ಅದಕ್ಕೆ ವರ್ಷಗಳೇ ಬೇಕು. ಮುಂದಿನ ಚಳಿಗಾಲಕ್ಕಂತೂ ಈ ಕಂಪನಿಯಿಂದ ಬಿಲ್ ಇಳಿಯುತ್ತದೆ ಎಂದು ನಂಬಿ ಕೂರಬೇಡಿ.