ಎಂಜಿನಿಯರುಗಳ ಸಂಸ್ಥೆ ಯಾರಿಗಾಗಿ?: ಓದುಗರ ಪ್ರಶ್ನೆಗಳಿಗೆ ಉತ್ತರ

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಮತ್ತು ಅದರ ಕರ್ನಾಟಕ ರಾಜ್ಯ ಕೇಂದ್ರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ನೀರಾವರಿ ಕಾಮಗಾರಿಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಇಲ್ಲಿ ಉತ್ತರಿಸಿದ್ದಾರೆ.

ಬೆಂಗಳೂರಿನಲ್ಲಿ ಅಂಬೇಡ್ಕರ್ ವೀಧಿಯ ಮೂಲಕ ಹೋಗುವಾಗ ಎಂಜಿನಿಯರುಗಳ ಸಂಸ್ಥೆಯ ಕಟ್ಟಡ ಕಣ್ಣಿಗೆ ಬೀಳುತ್ತದೆ. ಒಳಗೆ ಏನು ನಡೆಯುತ್ತದೆ? ಬೇಕಾದ್ದೆಲ್ಲ ಮೊಬೈಲಿನಲ್ಲೇ ಸಿಗುವಾಗ ಇಂಥ ಸಂಘಗಳ ಅಗತ್ಯವಾದರೂ ಏನು?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಅಲ್ಲಿ ನಡೆಯುವುದು ಹೆಚ್ಚಾಗಿ ಮಾತುಕತೆಯೇ. ಸಂಜೆಯ ತಾಂತ್ರಿಕ ಉಪನ್ಯಾಸಗಳು, ವಿಚಾರ ಸಂಕಿರಣಗಳು, ವಿಶ್ವ ಜಲ ದಿನ ಮತ್ತು ರಾಷ್ಟ್ರೀಯ ತಂತ್ರಜ್ಞಾನ ದಿನದ ಸಭೆಗಳು, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದ ದೊಡ್ಡ ಕಾರ್ಯಕ್ರಮ. ಮೂಲ ಸಂಸ್ಥೆ 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಯಿತು, 1935ರಲ್ಲಿ ರಾಜ ಸನ್ನದು ಪಡೆಯಿತು. ಪ್ರಧಾನ ಕಚೇರಿ ಕೋಲ್ಕತ್ತದ ಗೋಖಲೆ ರಸ್ತೆಯಲ್ಲಿದೆ. ಸಿವಿಲ್, ಮೆಕ್ಯಾನಿಕಲ್, ಜವಳಿ, ಗಣಿ, ಕಂಪ್ಯೂಟರ್ ಎಂದು ಒಟ್ಟು 15 ವಿಭಾಗಗಳಿವೆ. ಹಾಗಾಗಿ ಇದು ನಿಮ್ಮ ಸಂಸ್ಥೆಯೂ ಹೌದು.

ಇನ್ನು ಅಗತ್ಯದ ಮಾತು. ಸೇವೆಯ ಮೊದಲ ವರ್ಷಗಳಲ್ಲಿ ನಾನು ಎರೆಭೂಮಿಯ ಸೀಮೆಯಲ್ಲಿದ್ದೆ. ಅಲ್ಲಿ ಕಾಲುವೆಗೆ ಕಾಂಕ್ರೀಟು ಹಾಸು ಹಾಕುತ್ತಿದ್ದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಾಸು ಉಬ್ಬಿ, ಬಿರಿದು, ಚಪ್ಪಡಿಗಳು ಒಂದರ ಮೇಲೊಂದು ಏರಿ ಕೂರುತ್ತಿದ್ದವು. ಕಾಂಕ್ರೀಟು ಕಳಪೆ ಎಂದು ಊರವರು ಬೈದರು, ಮೇಲಿನವರು ನೋಟಿಸು ಕೊಟ್ಟರು. ಗುತ್ತಿಗೆದಾರ ಸಿಮೆಂಟು ಹೆಚ್ಚಿಸಿದರೂ ಮತ್ತೆ ಅದೇ ಕಥೆ. ಆಗ ಸಂಸ್ಥೆಯ ಸಭೆಯೊಂದರಲ್ಲಿ ಐಐಟಿ ಮುಂಬಯಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರ ಸಂಶೋಧನೆಯ ಬಗ್ಗೆ ಉಪನ್ಯಾಸ ಕೇಳಿದೆ. ಎರೆಮಣ್ಣು ನೀರು ಕುಡಿದು ಊದುವಾಗ ಹುಟ್ಟುವ ಒತ್ತಡವನ್ನು ಬರೀ ಕಾಂಕ್ರೀಟಿನ ಭಾರದಿಂದ ಅದುಮಿಡಲಾಗದು. ಆ ಮಣ್ಣಿಗೂ ಹಾಸಿಗೂ ನಡುವೆ ಅಂಟುಗುಣವಿದ್ದೂ ಊದದ ಮಣ್ಣಿನ ಪದರವನ್ನು, ಊತದ ಒತ್ತಡಕ್ಕೆ ತಕ್ಕ ದಪ್ಪದಲ್ಲಿ ದಮ್ಮಸ್ಸು ಮಾಡಿ ಹಾಕಬೇಕು. ಮಲಪ್ರಭಾ ಕಾಲುವೆಗಳಲ್ಲಿ ಈ ವಿಧಾನ ಬಳಸಿದ್ದರು. ಮುಂದೆ ಅದು ಭಾರತೀಯ ಮಾನಕದಲ್ಲೂ ಸೇರಿತು.

ಆ ಸಂಗತಿ ಪುಸ್ತಕದಲ್ಲೂ ಸಿಗುತ್ತಿತ್ತೇನೋ. ಆದರೆ ನನ್ನ ತೊಂದರೆಯ ಹೆಸರೇ ನನಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಉಪನ್ಯಾಸ ಮುಗಿದ ಮೇಲೆ ಚಹಾ ಹಿಡಿದು ನಿಂತಿದ್ದಾಗ, ಮಲಪ್ರಭೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಯಾವ ಗರಸು ಬಳಸಬೇಕು, ಎಷ್ಟು ತೇವದಲ್ಲಿ ದಮ್ಮಸ್ಸು ಮಾಡಬೇಕು ಎಂದು ಬಿಡಿಸಿ ಹೇಳಿದರು. ಮರುವಾರ ನಾನು ಊರಿನ ಗರಸಿನ ಗುಂಡಿಗಳಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದೆ. ಸಣ್ಣ ಊರುಗಳಲ್ಲಿ ಒಬ್ಬರೇ ಕೂತು ನಿರ್ಧಾರ ತೆಗೆದುಕೊಳ್ಳುವ ಎಂಜಿನಿಯರಿಗೆ ಇಂಥ ಸಂಸ್ಥೆ ಬೇಕು. ಅವರ ಕೆಲಸವನ್ನು ಬಲ್ಲವರು ಪ್ರಶ್ನಿಸುವ ಬೇರೆ ಜಾಗ ಅಲ್ಲಿ ಇರುವುದಿಲ್ಲ.

ಡಿಪ್ಲೊಮಾ ಮುಗಿಸಿ ಗುತ್ತಿಗೆದಾರರ ಬಳಿ ಸೈಟ್ ಎಂಜಿನಿಯರ್ ಆಗಿದ್ದೇನೆ. ಕೆಲಸ ಬಿಡುವಂತಿಲ್ಲ. ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆ ಪಾಸಾದರೆ ಬಿ.ಇ.ಗೆ ಸಮ ಎನ್ನುತ್ತಾರೆ. ನೋಂದಾಯಿಸಿಕೊಳ್ಳಲೇ?
(ಸಿಂಧನೂರು)

ಈ ಪ್ರಶ್ನೆ ನನಗೆ ತೀರಾ ಹತ್ತಿರದ್ದು. ನಾನೂ ಡಿಪ್ಲೊಮಾದವಳು. ನೌಕರಿಯಲ್ಲಿದ್ದುಕೊಂಡೇ ಎಎಂಐಇ ಮುಗಿಸಿದೆ. ಸೆಕ್ಷನ್ ಎ, ಸೆಕ್ಷನ್ ಬಿ ಎಂಬ ಎರಡು ಹಂತ, ವರ್ಷಕ್ಕೆ ಎರಡು ಸಲ ಪರೀಕ್ಷೆ, ತರಗತಿ ಮಾತ್ರ ಇಲ್ಲ. ಹಗಲಿಡೀ ಕಾಲುವೆ ಏರಿಯ ಮೇಲಿದ್ದು ರಾತ್ರಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದುವುದು ಎಂಥ ಕಷ್ಟವೆಂದು ಬಲ್ಲೆ. ಕಾಲೇಜಿನ ಮೆಟ್ಟಿಲು ಹತ್ತಲಾಗದ ನಮ್ಮಂಥ ಸಾವಿರಾರು ಜನರಿಗೆ ಬಡ್ತಿಯ ಬಾಗಿಲು ತೆರೆದದ್ದು ಆ ಪರೀಕ್ಷೆ. ಅದರ ಮೇಲಿನ ಗೌರವ ನನಗೆ ಇಂದಿಗೂ ಕುಂದಿಲ್ಲ.

ಆದರೂ ನಿಮಗೆ ಬೇರೆ ದಾರಿಯನ್ನೇ ಮೊದಲು ನೋಡಿ ಎನ್ನುತ್ತೇನೆ. ಕೇಂದ್ರ ಸರ್ಕಾರದ 2012ರ ಆದೇಶದಂತೆ, 2013ರ ಮೇ 31ರೊಳಗೆ ನೋಂದಾಯಿಸಿಕೊಂಡವರಿಗೆ ಆ ಸಮಾನ ಮಾನ್ಯತೆ ಉಳಿಯಿತು. ಈಗ ಸೇರುವವರು ‘ಬಿ.ಇ.ಗೆ ಸಮ’ ಎಂಬ ಮಾತನ್ನು ನೆಚ್ಚಿಕೊಂಡು ದುಡ್ಡು ಕಟ್ಟಬಾರದು. ಗುರಿ ಸರ್ಕಾರಿ ನೌಕರಿಯಾದರೆ ಆ ಹುದ್ದೆಯ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲನ್ನು ಅಕ್ಷರಕ್ಷರ ಓದಿ. ಡಿಪ್ಲೊಮಾದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಎರಡನೇ ವರ್ಷದ ಬಿ.ಇ.ಗೆ ನೇರ ಪ್ರವೇಶವಿದೆ. ಕೆಲಸದಲ್ಲಿರುವವರಿಗೆಂದೇ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಲು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಕೆಲವು ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ನಿಮ್ಮ ಜಿಲ್ಲೆಯ ಆಸುಪಾಸಿನಲ್ಲಿ ಅಂಥದ್ದಿದೆಯೇ ವಿಚಾರಿಸಿ. ‘ಆರು ತಿಂಗಳಲ್ಲಿ ಎಎಂಐಇ ಗ್ಯಾರಂಟಿ’ ಎಂದು ಭಿತ್ತಿಪತ್ರ ಅಂಟಿಸುವ ಕೋಚಿಂಗ್ ಅಂಗಡಿಗಳ ಬಾಗಿಲಿಗೆ ಮಾತ್ರ ಹೋಗಬೇಡಿ.

ಎಲೆಕ್ಟ್ರಿಕಲ್ ವಿದ್ಯಾರ್ಥಿನಿ ನಾನು. ಇಂಥ ಸಭೆಗಳಲ್ಲಿ ಬರೀ ಗಂಡಸರೇ ಇರುತ್ತಾರೆಂದು ಕೇಳಿದ್ದೇನೆ. ನಿಜವೇ?
(ಕಲಬುರಗಿ)

ನಾನು ಹೋಗಲು ಶುರು ಮಾಡಿದಾಗ ಎಷ್ಟೋ ಸಂಜೆ ನಾನೊಬ್ಬಳೇ ಹೆಂಗಸು. ಈಗ ಹಾಗಿಲ್ಲ, ಆದರೆ ವೇದಿಕೆಯ ಮೇಲೆ ಇನ್ನೂ ಕಡಿಮೆಯೇ. ಅದು ಬದಲಾಗಲೇಬೇಕು. ನಿಮ್ಮದೇ ವಿಭಾಗದ ಎ. ಲಲಿತಾ 1943ರಲ್ಲಿ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ ಎಲೆಕ್ಟ್ರಿಕಲ್ ಪದವಿ ಪಡೆದರು. ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗುವಿದ್ದಾಗ ಓದಿಗೆ ಕೂತವರು ಅವರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಮಿಷಿಗನ್‌ನಲ್ಲಿ ಓದಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಟ್ಟಿ ಬೆಳೆಸಿದರು. ನಿಮ್ಮ ಕಾಲೇಜಿನಲ್ಲಿ ಸಂಸ್ಥೆಯ ವಿದ್ಯಾರ್ಥಿ ಘಟಕವಿದ್ದರೆ ಸೇರಿ, ಮುಂದಿನ ಸಾಲಿನಲ್ಲಿ ಕೂತು ಮೊದಲ ಪ್ರಶ್ನೆ ನೀವೇ ಕೇಳಿ.

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕಿ ಭಾಷಣ ಮಾಡಿಸುತ್ತೇವೆ. ಮಕ್ಕಳಿಗೆ ಇನ್ನೂ ಉಪಯೋಗವಾಗುವಂಥದ್ದು ಏನು ಮಾಡಬಹುದು?
(ಪ್ರೌಢಶಾಲಾ ಶಿಕ್ಷಕಿ, ಗೌರಿಬಿದನೂರು)

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮುದ್ದೇನಹಳ್ಳಿ ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿಗಂತೂ ಕರೆದೊಯ್ಯುತ್ತೀರಿ. ಅದಕ್ಕೂ ಮೊದಲು ಮಕ್ಕಳನ್ನು ನಿಮ್ಮೂರ ಕೆರೆಗೆ ಕರೆದುಕೊಂಡು ಹೋಗಿ, ಅಳತೆ ಟೇಪು ಜೊತೆಗಿರಲಿ. ಏರಿಯ ತಲೆಗಿಂತ ಕೋಡಿ ಎಷ್ಟು ತಗ್ಗಿನಲ್ಲಿದೆ, ಕೋಡಿಯ ಅಗಲವೆಷ್ಟು, ತೂಬು ಎಲ್ಲಿದೆ, ಅದನ್ನು ಅಲ್ಲೇ ಇಟ್ಟದ್ದೇಕೆ ಎಂದು ಅವರೇ ಅಳೆದು ಬರೆಯಲಿ. ಊರಲ್ಲಿ ಹಿರಿಯ ನೀರಗಂಟಿ ಇದ್ದರೆ ಅಂದಿನ ಮುಖ್ಯ ಅತಿಥಿ ಅವರೇ ಆಗಲಿ. ಕೋಡಿ ಸಣ್ಣದಾದರೆ ನೀರು ಏರಿಯ ಮೇಲೆ ಹರಿದು ಏರಿಯೇ ಒಡೆಯುತ್ತದೆ ಎಂಬುದು ಅರ್ಥವಾದ ಮಗುವಿಗೆ ವಿಶ್ವೇಶ್ವರಯ್ಯನವರು ಎಂಥ ಪ್ರಶ್ನೆಯನ್ನು ಬಿಡಿಸಿದರೆಂದು ಹೇಳುವುದು ಸುಲಭ. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಕೋಡಿಯ ಮಟ್ಟಕ್ಕಿಂತ ಮೇಲೂ ನೀರು ನಿಲ್ಲಿಸಿಕೊಂಡು, ಪ್ರವಾಹ ಬಂದಾಗ ತಾವೇ ತೆರೆದುಕೊಳ್ಳುತ್ತಿದ್ದವು.

ಅವರೊಬ್ಬರ ಹೆಸರಿಗೇ ನಿಲ್ಲಬೇಡಿ ಎಂಬುದು ನನ್ನ ಆಸೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ, ಶರಾವತಿಯ ಹಿರೇಭಾಸ್ಕರ ಅಣೆಕಟ್ಟುಗಳ ಸೈಫನ್‌ಗಳು ಅವರ ಬುದ್ಧಿಯ ಫಲ. ನೀರು ತುಂಬಿ ಸೈಫನ್ನಿನ ಅಂಚು ದಾಟುತ್ತಲೇ ಸುರುಳಿ ಸುತ್ತುತ್ತ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ಪೂರ್ತಿ ರಭಸದಿಂದ ನೀರು ಹೀರತೊಡಗುತ್ತದೆ. ಮಟ್ಟ ಇಳಿದಾಗ ಗಾಳಿ ನುಗ್ಗಿ ತಾನೇ ನಿಲ್ಲುತ್ತದೆ. ಮೋಟಾರು ಬೇಡ, ನಡುರಾತ್ರಿ ಗೇಟು ಎತ್ತಲು ಆಳು ಬೇಡ. ಹಿರೇಭಾಸ್ಕರ 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಕಡುಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದರ ಸೈಫನ್‌ಗಳ ಸಾಲುಸಾಲು ಗುಮ್ಮಟಗಳು ಎದ್ದು ಕಾಣುತ್ತವೆ. ಒಂದು ಬಕೆಟ್ಟು, ಮೊಳದುದ್ದದ ರಬ್ಬರ್ ಕೊಳವೆ ಇದ್ದರೆ ಸೈಫನ್ ಹೇಗೆ ಹೀರುತ್ತದೆಂದು ತರಗತಿಯಲ್ಲೇ ತೋರಿಸಬಹುದು.

ಉಪನ್ಯಾಸಗಳೆಲ್ಲ ಇಂಗ್ಲಿಷಿನಲ್ಲೇ ಏಕೆ? ನಮ್ಮಂಥ ಮೇಸ್ತ್ರಿಗಳು ಬಂದರೆ ಬಿಡುತ್ತಾರೆಯೇ?
(ಹಾಸನ)

ಸಾರ್ವಜನಿಕ ಉಪನ್ಯಾಸಗಳಿಗೆ ಧಾರಾಳವಾಗಿ ಬನ್ನಿ. ಇನ್ನು ಭಾಷೆ: ಕಾಂಕ್ರೀಟು ಕಲಸುವ ಕೈಗಳು ಕನ್ನಡ ಮಾತಾಡುವಾಗ ಅದರ ವಿಜ್ಞಾನವೂ ಕನ್ನಡದಲ್ಲಿ ಇರಬೇಕು ಎಂದು ನಾನು ಸಭೆಗಳಲ್ಲಿ ಹೇಳುತ್ತಲೇ ಇದ್ದೇನೆ. ಬೆಂಗಳೂರಿನಲ್ಲಿ ತಡವಾದರೂ ಮೈಸೂರು, ಬೆಳಗಾವಿಯಂಥ ಸ್ಥಳೀಯ ಕೇಂದ್ರಗಳಲ್ಲಿ ಇದು ಮೊದಲು ಆಗಬಹುದು. ನೀವು ನಾಲ್ಕು ಮಂದಿ ಸೇರಿ ಬರವಣಿಗೆಯಲ್ಲಿ ಕೇಳಿ.

ಮನೆ ಕಟ್ಟಿಸುತ್ತಿದ್ದೇವೆ. ನಮ್ಮ ಎಂಜಿನಿಯರ್ ‘ಚಾರ್ಟರ್ಡ್ ಎಂಜಿನಿಯರ್’ ಎಂಬ ಮೊಹರು ತೋರಿಸಿದರು. ಅಷ್ಟು ಸಾಕೇ?
(ದಾವಣಗೆರೆ)

ಸಾಲದು. ಆ ಮೊಹರು ಸಂಸ್ಥೆಯ ಕಾರ್ಪೊರೇಟ್ ಸದಸ್ಯರಿಗೆ, ಅಂದರೆ ಓದು ಮತ್ತು ಅನುಭವವನ್ನು ಪರಿಶೀಲಿಸಿ ಸೇರಿಸಿಕೊಂಡವರಿಗೆ ಸಿಗುತ್ತದೆ. ಯಂತ್ರಗಳ ಮೌಲ್ಯಮಾಪನ, ಹಳೆಯ ಯಂತ್ರಗಳ ಆಮದಿನಂಥ ಕಡೆ ಅದಕ್ಕೆ ಬೆಲೆಯಿದೆ. ಆದರೆ ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇರುವಂತೆ ಎಂಜಿನಿಯರುಗಳಿಗೆ ದೇಶವ್ಯಾಪಿ ಕಾಯ್ದೆ ಜಾರಿಯಾಗಿಲ್ಲ. ಇದು ದೊಡ್ಡ ಕೊರತೆ, ಸಂಸ್ಥೆ ಈ ವಿಷಯದಲ್ಲಿ ಗಟ್ಟಿಯಾಗಿ ದನಿ ಎತ್ತಬೇಕು. ಅಲ್ಲಿಯತನಕ ನಕ್ಷೆಗೆ ಸಹಿ ಹಾಕುವವರು ನಿಮ್ಮ ಪಾಲಿಕೆಯಲ್ಲಿ ನೋಂದಾಯಿತರೇ ಎಂದು ನೋಡಿ.

ನಂತರ ಮೊಹರು ಬಿಟ್ಟು ಕೆಲಸದ ಬಗ್ಗೆ ಕೇಳಿ. ಮಣ್ಣು ಪರೀಕ್ಷೆ ಆಗಿದೆಯೇ? ನಿಮ್ಮ ಕಡೆಯೂ ಎರೆಮಣ್ಣಿದೆ, ಇದನ್ನು ಬಿಡಲೇಬೇಡಿ. ಕಾಂಕ್ರೀಟಿನ ಬಲ ಎಂ20 ದರ್ಜೆಗಿಂತ ಕಡಿಮೆ ಇರಕೂಡದು. ಕಂಬದ ಕಬ್ಬಿಣದ ಹೊರಗೆ 40 ಮಿ.ಮೀ., ತಳಪಾಯದಲ್ಲಿ 50 ಮಿ.ಮೀ. ಕಾಂಕ್ರೀಟಿನ ಹೊದಿಕೆ ಬೇಕು. ಕಾಂಕ್ರೀಟು ಹಾಕುವ ದಿನ ನಿಮ್ಮ ಕಣ್ಣೆದುರೇ 150 ಮಿ.ಮೀ.ನ ಘನಗಳನ್ನು ಎರಕ ಹೊಯ್ಯಿಸಿ, 28ನೇ ದಿನದ ಪರೀಕ್ಷಾ ವರದಿ ಕೇಳಿ ಪಡೆಯಿರಿ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ನೀರುಣಿಸಬೇಕು. ಗೋಡೆ ಅಥವಾ ತೊಲೆಗಳ ನಡುವೆ 4.5 ಮೀಟರಿಗಿಂತ ಹೆಚ್ಚು ಅಂತರವಿರುವ ಚಾವಣಿಯಾದರೆ 14 ದಿನಕ್ಕೆ ಮುಂಚೆ ತಾತ್ಕಾಲಿಕ ಆಧಾರದ ಕಂಬ ತೆಗೆಯಲು ಮೇಸ್ತ್ರಿ ಎಷ್ಟೇ ಅವಸರ ಮಾಡಿದರೂ ಒಪ್ಪಬೇಡಿ. ಈ ಪ್ರಶ್ನೆಗಳಿಗೆ ನಿಮ್ಮ ಎಂಜಿನಿಯರ್ ಸಿಡಿಮಿಡಿಗೊಂಡರೆ ತಳಪಾಯ ತೋಡುವ ಮೊದಲೇ ಬೇರೊಬ್ಬರನ್ನು ನೋಡಿಕೊಳ್ಳಿ.