ಇಟಲಿಯ ಟಾಲ್ಯಮೆಂಟೊ ನದಿಯನ್ನು ‘ಆಲ್ಪ್ಸ್ ನದಿಗಳ ರಾಜ’ ಎನ್ನುವುದೇಕೆ?

ಅದನ್ನು ಅದರ ಪಾಡಿಗೆ ಬಿಟ್ಟಿದ್ದಾರೆ, ಅದಕ್ಕೇ. ಆಲ್ಪ್ಸ್‌ನ ಹೆಚ್ಚಿನ ನದಿಗಳಿಗೆ ಒಡ್ಡು ಕಟ್ಟಿ ಕಾಲುವೆಯಂತೆ ನೆಟ್ಟಗೆ ಮಾಡಿಬಿಟ್ಟರು. ಇದು ಬಹುಪಾಲು ತಪ್ಪಿಸಿಕೊಂಡಿತು.

ಈಶಾನ್ಯ ಇಟಲಿಯ ಮೌರಿಯಾ ಕಣಿವೆದಾರಿಯ ಹತ್ತಿರ, ಸುಮಾರು 1,200 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 170 ಕಿ.ಮೀ. ಹರಿದು ಆಡ್ರಿಯಾಟಿಕ್ ಸಮುದ್ರ ಸೇರುತ್ತದೆ. ನಡುವೆ ಫೆಲ್ಲಾ ನದಿ ಬಂದು ಕೂಡಿಕೊಳ್ಳುತ್ತದೆ.

ನೋಡಬೇಕಾದ್ದು ಮಧ್ಯಭಾಗ. ಬೆಟ್ಟದಿಂದ ಬಂದ ಬಿಳಿ ಜಲ್ಲಿಕಲ್ಲು ಅಲ್ಲಲ್ಲಿ ಒಂದು ಕಿ.ಮೀ.ಗಿಂತ ಜಾಸ್ತಿ ಅಗಲಕ್ಕೆ ಹರಡಿಕೊಂಡಿದೆ. ನೀರು ಅದರ ಮೇಲೆ ಜಡೆ ಹೆಣೆದಂತೆ ಹತ್ತಾರು ಕವಲಾಗಿ ಹರಿಯುತ್ತದೆ. ಒಂದು ದೊಡ್ಡ ನೆರೆ ಬಂದರೆ ಸಾಕು, ಕವಲುಗಳ ಜಾಗವೇ ಬದಲು! ಬುಡಮೇಲಾಗಿ ತೇಲಿಬಂದ ಮರ ಎಲ್ಲೋ ಸಿಕ್ಕಿಕೊಂಡು ಚಿಗುರಿ, ಕೊನೆಗೆ ಅದೇ ಒಂದು ನಡುಗಡ್ಡೆ ಆಗುತ್ತದೆ.

ಪಿನ್‌ಜಾನೊ ಬಳಿ ಇಕ್ಕಟ್ಟಿನಲ್ಲಿ ನುಸುಳಿ ಬಯಲಿಗೆ ಇಳಿದ ಮೇಲೆ ನೀರು ಜಲ್ಲಿಯೊಳಗೆ ಇಂಗುತ್ತದೆ. ಬೇಸಿಗೆಯಲ್ಲಿ ಕೆಲವು ಕಡೆ ಬರೀ ಕಲ್ಲು. ಮುಂದೆ ಮತ್ತೆ ಊಟೆಗಳಾಗಿ ಮೇಲೇಳುತ್ತದೆ.

ಹಾಗಂತ ಪೂರ್ತಿ ಸ್ವತಂತ್ರ ನದಿಯೇನಲ್ಲ. ಮೇಲ್ಭಾಗದಲ್ಲಿ ವಿದ್ಯುತ್ತಿಗಾಗಿ ನೀರು ತಿರುಗಿಸುತ್ತಾರೆ. ಕೆಳಗಡೆ ಎರಡೂ ಬದಿಗೆ ಒಡ್ಡುಗಳಿವೆ. ಆದರೂ 1966ರ ನೆರೆ ಲಟಿಸಾನಾ ಪಟ್ಟಣವನ್ನು ಮುಳುಗಿಸಿತು.